ಮಾತ್ರೆ ಆಡಿದ ಮಾತು

“ಇಲ್ಲಿ ಮುಂಚೆ ಒಬ್ಬರು ಇದ್ದರಲ್ಲ, ತೆಳ್ಳಗೆ, ಅವರು ಬಿಟ್ಟುಹೋದರಾ?” ಎಂದು ಮೇಷ್ಟ್ರು ಕೇಳಿದಾಗ ಅವಳ ಎರಡು ಬೆರಳು ಅವರ ಎಡಗಿವಿಯ ಹಿಂದೆಯೇ ಇದ್ದವು. ಹೊಸ ಕನ್ನಡಕದ ಕಡ್ಡಿ ಎಲ್ಲಿ ಒತ್ತುತ್ತಿದೆ ಎಂದು ಹುಡುಕುತ್ತಿದ್ದಳು. ನಿವೃತ್ತರಾದ ಈ ಮೇಷ್ಟ್ರಿಗೆ ಈ ಹಿಂದೆಯೂ ಅವಳೇ ಕನ್ನಡಕ ಕೂರಿಸಿಕೊಟ್ಟಿದ್ದಳು. ಅವರ ಎಡಗಿವಿ ಬಲಗಿವಿಗಿಂತ ಒಂದು ಕೂದಲೆಳೆಯಷ್ಟು ಕೆಳಗಿದೆ, ಮೂಗಿನ ಬಲಬದಿಯಲ್ಲಿ ಹಳೆಯ ಗಾಯದ ಗುಳಿಯಿದೆ, ಅಲ್ಲಿ ಮೆತ್ತೆ ಸ್ವಲ್ಪ ದಪ್ಪವಿರಬೇಕು, ಎಲ್ಲ ಅವಳ ಬೆರಳಿಗೆ ನೆನಪಿತ್ತು. “ಹೂಂ, ಬಿಟ್ಟರು,” ಎಂದಳು. ಯಾಕೆ ಹಾಗಂದೆನೆಂದು ಅವಳಿಗೇ ಹೊಳೆಯಲಿಲ್ಲ. ತಪ್ಪು ತಿದ್ದುವಷ್ಟು ಉಸಿರೂ ಇವತ್ತು ಇರಲಿಲ್ಲ. “ಒಳ್ಳೇ ಹೆಂಗಸು ಪಾಪ. ಬಾಯಲ್ಲಿ ಬೆರಳಿಟ್ಟರೂ ಕಚ್ಚೋಕೆ ಬರ್ತಿರಲಿಲ್ಲ,” ಎಂದರು ಮೇಷ್ಟ್ರು. ಹೋದವರ ಬಗ್ಗೆ ಆಡುವ ಧ್ವನಿ. ಅವಳು ಕನ್ನಡಕವನ್ನು ತೆಗೆದುಕೊಂಡು, ಕಡ್ಡಿ ಬಾಗಿಸಲು ಬಿಸಿಗಾಳಿಯ ಯಂತ್ರದ ಬಳಿಗೆ ಹೋದಳು. ಹತ್ತು ಹೆಜ್ಜೆಯ ಅಂಗಡಿ ಇವತ್ತು ಮೈದಾನದಷ್ಟಾಗಿತ್ತು.

ಕನ್ನಡಕದ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಬೇರೆ ಕಡೆಯಾಗಿದ್ದರೆ ತನ್ನ ಮುಖವನ್ನು ಬೆಳಗ್ಗೆಗೊಮ್ಮೆ ಸಂಜೆಗೊಮ್ಮೆ ನೋಡಿ ಮರೆತುಬಿಡಬಹುದಿತ್ತು. ಇಲ್ಲಿ ಅದು ಮೂಲೆಮೂಲೆಯಿಂದ ಇಣುಕುತ್ತಿತ್ತು: ಗಲ್ಲ ತುಂಬಿ ಕಣ್ಣನ್ನು ಮೇಲಕ್ಕೆ ತಳ್ಳಿದ, ಗದ್ದ ಕೊರಳಿನೊಳಕ್ಕೆ ಇಳಿದುಹೋದ, ಕೆನ್ನೆಯ ಮೇಲೆ ಹೊಸದಾಗಿ ನವಿರು ಕೂದಲು ಎದ್ದ ಒಂದು ಗುಂಡು ಮುಖ. ಮೊದಮೊದಲು ಅವಳು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದದ್ದೂ ಉಂಟು, ಯಾರೋ ಗಿರಾಕಿ ಬಂದರೆಂದು. ತನ್ನದೇ ಕನ್ನಡಕದ ತಿರುಪನ್ನು ಎರಡು ಸಲ ಸಡಿಲಿಸಿಕೊಂಡಿದ್ದಳು, ಆದರೂ ಕಪಾಲದ ಎರಡೂ ಬದಿಗೆ ಕಡ್ಡಿಯ ಗುರುತು ಗೀರಿದಂತೆ ಬೀಳುತ್ತಿತ್ತು. “ನಮ್ಮನೇಲಿ ಈಗ ದಿನಾ ಹುಣ್ಣಿಮೆ,” ಎಂದು ಗಂಡ ನಗಿಸಲು ನೋಡಿದ್ದ. ಅವನು ಕೆಟ್ಟವನಲ್ಲ. ಹಾಗೆ ನೋಡಿದರೆ ಅವನಷ್ಟು ತಾಳ್ಮೆಯ ಮನುಷ್ಯ ಬೇರೆ ಇಲ್ಲವೆಂದು ಊರೇ ಹೇಳುತ್ತಿತ್ತು. ಕಾರು ಓಡಿಸಲು ಕಲಿಸುವವನಿಗೆ ತಾಳ್ಮೆಯೇ ಬಂಡವಾಳ. ಕಲಿಯುವವರು ಎಷ್ಟೇ ಎಡವಟ್ಟು ಮಾಡಲಿ, ಅವನು ಧ್ವನಿ ಏರಿಸುತ್ತಿರಲಿಲ್ಲ. ಅವನ ಕಾಲಕೆಳಗೆ ಅವನದೇ ಒಂದು ಬ್ರೇಕು ಇರುತ್ತಿತ್ತಲ್ಲ.

ಚಳಿಗಾಲದ ಮೊದಲಿಗೆ ಅವಳ ಪಾದಗಳು ಊದಿಕೊಂಡು ಚಪ್ಪಲಿಗೆ ಹಿಡಿಸದೆ ಹೋದಾಗ ಮೂತ್ರಪಿಂಡದಲ್ಲಿ ಉರಿಯೂತ ಎಂದಿದ್ದರು. “ನಿಮ್ಮ ಮೈಯನ್ನ ಕಾಯೋ ಕಾವಲಿನವರೇ ಮೈಮೇಲೆ ಕೈಮಾಡ್ತಿದಾರೆ, ಅವರನ್ನ ಸುಮ್ಮನಾಗಿಸಬೇಕು,” ಎಂದು ಡಾಕ್ಟರಮ್ಮ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟು, ಆಗಬಹುದಾದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಹಸಿವು ಹೆಚ್ಚುತ್ತೆ, ನಿದ್ದೆ ಕಮ್ಮಿಯಾಗುತ್ತೆ, ಮುಖ ತುಂಬಿಕೊಳ್ಳುತ್ತೆ, ಚರ್ಮ ತೆಳುವಾಗಿ ಚೂರು ತಾಗಿದರೂ ಕಂದುಗಟ್ಟುತ್ತೆ. ನೀವಾಗಿ ಮಾತ್ರ ನಿಲ್ಲಿಸಬೇಡಿ. “ಒಂದೊಂದು ಸಲ ಸಿಟ್ಟು ಬರುತ್ತೆ, ಅಳು ಬರುತ್ತೆ. ಅದು ನೀವಲ್ಲ, ಮಾತ್ರೆ ಅಂತ ತಿಳ್ಕೊಳ್ಳಿ.” ಪಕ್ಕದಲ್ಲಿ ಕೂತ ಗಂಡ ತಲೆಯಾಡಿಸಿದ್ದ. ಆ ಮಾತು ಅವರೊಡನೆ ಮನೆಗೂ ಬಂತು. ದಿಂಬಿನ ಹೊಲಿಗೆ ಬಿಟ್ಟಿತೆಂದು ಅವಳು ಬಿಕ್ಕಿಬಿಕ್ಕಿ ಅತ್ತ ದಿನ ಅವನು ಅವಳ ತಲೆ ಸವರಿ, “ನೀನಲ್ಲ, ಮಾತ್ರೆ,” ಎಂದ. ಅಡುಗೆಮನೆಯಲ್ಲಿ ನಿಂತೇ ಬ್ರೆಡ್ಡಿನ ಇಡೀ ಪೊಟ್ಟಣ ತಿಂದು ಮುಗಿಸಿ ಸಿಕ್ಕಿಬಿದ್ದಾಗಲೂ ಅದನ್ನೇ ಎಂದ. ಚಳಿಯಲ್ಲಿ ಯಾರೋ ಹೊದಿಕೆ ಎಳೆದು ಹೊದಿಸಿದಂತಿತ್ತು ಆಗ. ಅಂಗಡಿಯ ಯಜಮಾನರ ಬಿಸ್ಕತ್ತಿನ ಡಬ್ಬಿಯಿಂದ ಒಂದೊಂದೇ ಎತ್ತಿ ತಿಂದು, ಒಂದು ದಿನ ಡಬ್ಬಿ ಪೂರಾ ಖಾಲಿಯಾಗಿ, ಅವರು ಮುಚ್ಚಳ ತೆಗೆದು, ಮುಚ್ಚಿ, ಅವಳ ಕಡೆ ನೋಡದೆ ಕಿಟಕಿಯ ಕಡೆ ನೋಡಿದಾಗಲೂ ಅವಳು ಅದೇ ಹೊದಿಕೆಯನ್ನು ತಾನೇ ಎಳೆದುಕೊಂಡಿದ್ದಳು. ನಾನಲ್ಲ, ಮಾತ್ರೆ. ಮರುದಿನ ಯಜಮಾನರು ಡಬ್ಬಿ ತುಂಬಿಸಿ ಅವಳ ಮೇಜಿಗೆ ಹತ್ತಿರವಾಗುವಂತೆ ಇಟ್ಟಿದ್ದರು. ಅದನ್ನು ಕಂಡು ನಾಚಿಕೆಯಾದದ್ದು ಮಾತ್ರೆಗೋ ತನಗೋ ಎಂದು ಅವಳು ಬಹಳ ಹೊತ್ತು ಯೋಚಿಸಿದ್ದಳು.

ಆದರೆ ಭಾನುವಾರ ಆಡಿದ್ದು ಅವಳ ಮಾತೇ. ಅಕ್ಕ, ಭಾವ, ಗಂಡನ ಕೆಲಸದಲ್ಲಿ ಜೊತೆಗಾರನಾದ ಇನ್ನೊಬ್ಬ ಕಾರು ಕಲಿಸುವವ, ಅವನ ಹೆಂಡತಿ, ಎಲ್ಲ ಊಟಕ್ಕೆ ಕೂತಿದ್ದರು. ಕಾರಿನ ಮಾತು ಬಂದರೆ ಗಂಡ ಅವಳು ಗೋಡೆಗೆ ಗುದ್ದಿದ ಕಥೆ ಹೇಳಲೇಬೇಕು, ಊಟಕ್ಕೆ ಉಪ್ಪಿನ ಹಾಗೆ. ಮದುವೆಯಾದ ಹೊಸದು. ಎರಡು ಜೊತೆ ಪೆಡಲಿನ ಕಾರು ಆಗತಾನೆ ಬಂದಿತ್ತು. ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಹೆಂಡತಿಗೇ ಮೊದಲ ಪಾಠ. “ಬ್ರೇಕು ಎಲ್ಲಿದೆ ತೋರಿಸು ಅಂದ್ರೆ ಗೋಡೆ ತೋರಿಸಿದಳು ನಮ್ಮಾಕೆ. ಅಲ್ಲಿಗೇ ಹೋಗಿ ನಿಲ್ಲಿಸಿದಳು ನೋಡಿ. ಪುಣ್ಯಕ್ಕೆ ಗೋಡೆಗೇನೂ ಆಗಲಿಲ್ಲ.” ಎಲ್ಲರೂ ನಗುವ ಜಾಗ ಅದು. ಅವಳೂ ನಗುತ್ತಿದ್ದಳು, ಪ್ರತಿಸಲವೂ, ಎಲ್ಲರಿಗಿಂತ ಅರೆಕ್ಷಣ ಮೊದಲೇ, ಬಾಗಿಲು ತೆರೆದು ಹಿಡಿಯುವವರ ಹಾಗೆ. ಈ ಸಲ ನಗು ಬರಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಅದು ಮೇಜಿನ ಅಂಚು ದಾಟಿ ಬಿದ್ದು ಒಡೆಯಿತು. “ನಿಮ್ಮ ಕಾಲು ಬ್ರೇಕಿನ ಮೇಲಿತ್ತು,” ಎಂದಳು. “ನಾನು ನೋಡಿದೀನಿ. ಗೋಡೆ ಬರ್ತಿರೋದು ನಿಮಗೆ ಕಾಣ್ತಿತ್ತು. ಬೇಕಂತಲೇ ಒತ್ತಲಿಲ್ಲ ನೀವು.” ಧ್ವನಿ ನಡುಗಲಿಲ್ಲ. ಇಷ್ಟು ವರ್ಷ ಎಲ್ಲಿತ್ತೋ ಆ ಧ್ವನಿ, ಮಾತು ಬಾಯಿಂದ ಹೊರಟಾಗ ಅವಳಿಗೆ ಹೆದರಿಕೆಯ ಜೊತೆಗೆ ಒಂದು ಬಗೆಯ ಸುಖವೂ ಆಯಿತು. ಜೊತೆಗಾರನ ಹೆಂಡತಿ ಒಡೆದ ಚೂರು ಆಯಲು ಬಗ್ಗಿದಳು. ಆಗ ಗಂಡ, ಅತಿಥಿಗಳ ಕಡೆ ತಿರುಗಿ, ಎಷ್ಟು ಮೆಲ್ಲಗೆ, ಎಷ್ಟು ಕರುಣೆಯಿಂದ ಹೇಳಿದ: “ಅವಳಲ್ಲ, ಮಾತ್ರೆ.” ಎಲ್ಲರ ಭುಜ ಒಮ್ಮೆಲೇ ಸಡಿಲವಾದದ್ದನ್ನು ಅವಳು ಕಂಡಳು. ಅಕ್ಕ ಅವಳನ್ನು ಒಳಗೆ ಕರೆದೊಯ್ದು ಬೆನ್ನು ಸವರಿದಳು. ಕತ್ತಿನ ಹಿಂದೆ ಹೊಸದಾಗಿ ಎದ್ದ ದುಬ್ಬಿಗೆ ತಾಗಿ ಅಕ್ಕನ ಕೈ ಒಂದು ಕ್ಷಣ ನಿಂತು, ಮತ್ತೆ ಏನೂ ಆಗದವರಂತೆ ಕೆಳಗಿಳಿಯಿತು. “ನಿಜ ಅಕ್ಕ ನಾನು ಹೇಳಿದ್ದು.” “ಆಯ್ತು ಬಿಡು. ನಿನಗೆ ಈಗ ಏನು ನಿಜ, ಏನು ಸುಳ್ಳು ಅಂತ ಹೇಗೆ ತಿಳಿಯುತ್ತೆ ಹೇಳು.”

ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಹೇಗೆ ತಿಳಿಯುತ್ತೆ? ಸ್ಟೇರಿಂಗು ಅಂಗೈಯಲ್ಲಿ ಜೀವವಿದ್ದಂತೆ ಅದುರುತ್ತಿದ್ದದ್ದು, ಕಾರು ತನ್ನ ಮಾತು ಕೇಳುತ್ತಿದೆ ಎಂದು ತಿಳಿದು ಹೊಟ್ಟೆಯಲ್ಲಿ ನಗುವಿನ ಹಾಗೆ ಏನೋ ಎದ್ದದ್ದು, ಗೋಡೆ, ಕ್ಲಚ್ಚಿಗೆ ಹೋದ ತನ್ನ ತಪ್ಪು ಕಾಲು, ಮತ್ತು ಕಣ್ಣಂಚಿನಲ್ಲಿ ಗಂಡನ ಕಂದು ಬಣ್ಣದ ಬೂಟು, ಬ್ರೇಕಿನ ಮೇಲೆ, ಅಲುಗದೆ. ಕಾರಿನ ಮೂತಿ ಜಜ್ಜಿದ ಮೇಲೆ ಅವನು ಇಳಿದು ನೋಡಿ ನಕ್ಕ. ಅವಳು ಆಮೇಲೆ ಎಂದೂ ಆ ಸೀಟಿನಲ್ಲಿ ಕೂರಲಿಲ್ಲ. ಬೂಟನ್ನು ನಿಜವಾಗಿ ಕಂಡಿದ್ದಳೇ? ಅಥವಾ ಈ ಆರು ತಿಂಗಳ ನಿದ್ದೆಯಿಲ್ಲದ ತಲೆ ಹಳೆಯ ಚಿತ್ರಕ್ಕೆ ಹೊಸದಾಗಿ ಒಂದು ಬೂಟು ಅಂಟಿಸಿತೇ? ಮಾತ್ರೆಯಿಂದ ಇಲ್ಲದ್ದು ಇದ್ದಂತೆ ತೋರಬಹುದು ಎಂದು ಪೊಟ್ಟಣದೊಳಗಿನ ಚೀಟಿಯಲ್ಲೂ ಅಚ್ಚಾಗಿತ್ತು. ಹಾಗಾದರೆ ತಾನು ಹೊರಿಸಿದ್ದು ಎಂಥ ಅಪವಾದ, ಅದೂ ಪ್ರತಿದಿನ ಬೆಳಗ್ಗೆ ನೀರು ಮಾತ್ರೆ ಹಿಡಿದು ಹಾಸಿಗೆಯ ಬಳಿ ನಿಲ್ಲುವ ಮನುಷ್ಯನ ಮೇಲೆ, ನಾಲ್ಕು ಜನರ ಮುಂದೆ. ನಿಜವೋ ಸುಳ್ಳೋ ತಿಳಿಯಲು ಅವಳಿಗೆ ಒಂದೇ ದಾರಿ ಕಂಡಿತು. ಮಾತ್ರೆಯಿಲ್ಲದ ತಲೆಯಲ್ಲೂ ಆ ಬೂಟು ಉಳಿಯುತ್ತದೋ ನೋಡಬೇಕು. ಉಳಿದರೆ, ಮಾತ್ರೆಯಿಲ್ಲದ ಬಾಯಿಂದ ಇನ್ನೊಮ್ಮೆ ಹೇಳಬೇಕು. ಆಗ ಅವನು ಅದನ್ನು ಯಾರ ಮೇಲೆ ಹಾಕುತ್ತಾನೆ?

ಸೋಮವಾರ ಬೆಳಗ್ಗೆ ಅವನು ಕೊಟ್ಟ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟು ನೀರು ಕುಡಿದಳು. ವಿಷದಂಥ ಕಹಿ. ಅವನು ಲೋಟ ತೆಗೆದುಕೊಂಡು ಹೋದ ಮೇಲೆ ಬಚ್ಚಲಲ್ಲಿ ಉಗುಳಿ, ಕರಗಿದ ಬಿಳಿಯನ್ನು ನೀರು ಹೊಯ್ದು ಕಳಿಸಿದಳು. ಮೋಸ ಮಾಡಿದೆ ಎನ್ನಿಸಿತು. ಗೆದ್ದೆ ಎಂದೂ ಎನ್ನಿಸಿತು. ದಿನವೂ ಹಾಗೇ ಮಾಡಿದಳು. ಮೊದಲ ದಿನ ಏನೂ ಆಗಲಿಲ್ಲ. ಆಮೇಲೆ ಹಸಿವು ಹೋಯಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಅವಳು ಎಣಿಸತೊಡಗಿದಳು: ಹಸಿವು ಮಾತ್ರೆಯದು, ಅದು ಹೋಗಲಿ, ಅಳು ಅದರದ್ದು, ನಿದ್ದೆಗೇಡು ಅದರದ್ದು. ಬೂಟು? ಬೂಟು ಅಲ್ಲೇ ಇತ್ತು, ಹಿಮ್ಮಡಿಯ ಹತ್ತಿರ ಕೆಸರು ಒಣಗಿದ್ದೂ ಕಾಣುತ್ತಿತ್ತು. ಹಾಗಾದರೆ ಅದು ನನ್ನ ಪಾಲು. ಇಷ್ಟು ತಿಳಿದುಕೊಳ್ಳುವ ಹೊತ್ತಿಗೆ ಮೂಳೆಮೂಳೆಯೂ ನೋಯುತ್ತಿತ್ತು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ನಿನ್ನೆ ಸಂಜೆ ಹೇಳಿಯೇಬಿಡಬೇಕೆಂದು ಅವನೆದುರು ಕೂತಳು. ಅವನು ಅವಳ ತಟ್ಟೆ ನೋಡಿ, “ಯಾಕೆ, ಊಟ ಸೇರ್ತಿಲ್ವಾ?” ಎಂದ. ಬಾಯಿ ತೆರೆದಳು. ಬಂದದ್ದು, “ಏನಿಲ್ಲ, ಹಾಗೇ,” ಎಂಬ ಹಳೆಯ ಮಾತು. ಆ ಭಾನುವಾರದ ಧ್ವನಿಯನ್ನು ಒಳಗೆಲ್ಲ ತಡಕಾಡಿದಳು. ಇರಲಿಲ್ಲ. ಬೂಟು ತನ್ನದು, ಸರಿ. ಅದನ್ನು ಹೇಳುವ ಧೈರ್ಯ ಮಾತ್ರೆಯದೇ? ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಆ ತೆಳ್ಳಗಿನ ಹೆಂಗಸು ವಾಪಸು ಬಂದು, ಹಳೆಯ ಕುರ್ಚಿಯಲ್ಲಿ ಕೂತು, ತನಗಾಗಿ ಕಾಯುತ್ತಿದ್ದಾಳೆ ಎನ್ನಿಸಿ ಮೈ ತಣ್ಣಗಾಯಿತು.

ಮೈ ಈಗಲೂ ತಣ್ಣಗಿತ್ತು, ಆದರೆ ಬೆವರು ಬೆನ್ನಗುಂಟ ಇಳಿಯುತ್ತಿತ್ತು. ಬಿಸಿಗಾಳಿಯಲ್ಲಿ ಕಡ್ಡಿ ಮೆತ್ತಗಾಗಿ ಬಾಗಿತು, ಬೇಕಾದ್ದಕ್ಕಿಂತ ಹೆಚ್ಚು ಬಾಗಿತು. ಮೇಷ್ಟ್ರ ಕನ್ನಡಕ ಹಾಳುಮಾಡಿದೆ ಎಂದುಕೊಂಡಳು, ಅವರು ಆ ತೆಳ್ಳಗಿನವಳಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ಬೆಳಗ್ಗೆಯಿಂದ ಎರಡು ಸಲ ವಾಂತಿಯಾಗಿತ್ತು. ಪಕ್ಕದಲ್ಲಿ ಗಾಜು ತಿಕ್ಕುವವನು, ಯಾವಾಗಲೂ ಗುಟ್ಟು ಹೇಳುವಂತೆ ಮಾತಾಡುವುದರಿಂದ ಎಲ್ಲರೂ ಪಿಸುಮಾತು ಎಂದೇ ಕರೆಯುವ ಮುದುಕ, ಯಂತ್ರ ನಿಲ್ಲಿಸಿ ಅವಳನ್ನೇ ನೋಡಿದ. “ಕೂತ್ಕೋಮ್ಮ,” ಎಂದ. ಕೂರುತ್ತೇನೆ, ಇದೊಂದು ತಿದ್ದಿಬಿಡುತ್ತೇನೆ ಎಂದು ಅವಳು ಹೇಳಿದಳು, ಅಥವಾ ಹೇಳಬೇಕೆಂದುಕೊಂಡಳು. ಗೋಡೆಯ ಮೇಲಿನ ಕನ್ನಡಕಗಳೆಲ್ಲ ಒಂದೇ ಸಲ ಅವಳ ಕಡೆ ತಿರುಗಿದವು. ನೆಲ ಹತ್ತಿರ ಬಂತು. ಯಾರೋ ಜೋರಾಗಿ ಕೂಗಿದರು, “ಯಜಮಾನ್ರೇ, ಓಡಿ ಬನ್ನಿ,” ಎಂದು. ಅದು ಪಿಸುಮಾತಿನ ಧ್ವನಿ ಎಂದು ಅವಳಿಗೆ ಆಶ್ಚರ್ಯವಾಯಿತು, ಅಷ್ಟೇ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಧ್ಯಾಹ್ನದ ಬಿಸಿಲು ಹಾಸಿಗೆಯ ಕಾಲ ಬಳಿ ಬಿದ್ದಿತ್ತು. ಎರಡೂ ಮುಂಗೈಯಲ್ಲಿ ಸೂಜಿ ಚುಚ್ಚಲು ನೋಡಿದ ಕಡೆಯೆಲ್ಲ ನೇರಳೆ ಕಲೆ. ಮೂರನೆಯದು ಹಿಡಿದಿತ್ತು, ಅದರಿಂದ ಹನಿಹನಿಯಾಗಿ ಏನೋ ಇಳಿಯುತ್ತಿತ್ತು. ಡಾಕ್ಟರಮ್ಮ ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದಳು, “ನಿಲ್ಲಿಸಿದ್ರಾ?” ಅವಳು ಹೂಂ ಎಂದಳು. “ನಮ್ಮ ಮೈಗೆ ಬೇಕಾದಷ್ಟನ್ನ ಮೈಯೇ ತಯಾರಿಸಿಕೊಳ್ಳುತ್ತೆ. ಹೊರಗಿನಿಂದ ದಿನಾ ತಂದು ಬಡಿಸೋರು ಸಿಕ್ಕಿದರು ಅಂತ ಒಳಗಿನ ಅಡುಗೆಯವನು ಒಲೆ ಆರಿಸಿ ಮಲಗಿಬಿಟ್ಟಿದಾನೆ. ನೀವು ಬಡಿಸೋದನ್ನ ತಟಕ್ಕನೆ ನಿಲ್ಲಿಸಿದ್ರೆ ಅವನು ಏಳಲ್ಲ, ಮನೆಯವರು ಉಪವಾಸ ಬೀಳ್ತಾರೆ. ಒಂಚೂರು ತಡವಾಗಿದ್ರೆ ನಾನು ಈ ಮಾತು ಬೇರೆಯವರ ಹತ್ರ ಆಡಬೇಕಾಗ್ತಿತ್ತು.” ಸ್ವಲ್ಪ ತಡೆದು, “ಮುಖ ನೋಡಿ ಬೇಜಾರಾಯ್ತಾ?” ಎಂದಳು. ಅಲ್ಲ ಎಂದು ತಲೆಯಾಡಿಸಿದಾಗ ಅವಳ ಕಣ್ಣಿನಿಂದ ನೀರು ಕಿವಿಗೆ ಹರಿಯಿತು. ಡಾಕ್ಟರಮ್ಮ ಮುಂದೆ ಕೇಳಲಿಲ್ಲ. “ಮೆಲ್ಲಗೆ ಇಳಿಸೋಣ. ಆ ಅಡುಗೆಯವನನ್ನೂ ಮೆಲ್ಲಗೆ ಎಬ್ಬಿಸೋಣ. ಹೇಳದೆ ಕೇಳದೆ ಹೀಗೆ ಮಾತ್ರ ಮಾಡಬೇಡಿ.”

ಗಂಡ ಬಾಗಿಲ ಬಳಿ ನಿಂತಿದ್ದ. ಪಾಠ ಹೇಳುತ್ತಿದ್ದವನು ಹಾಗೇ ಬಂದಿದ್ದನಂತೆ. ಸುದ್ದಿ ಕೇಳಿ ಅವನ ಕೈ ಎಷ್ಟು ನಡುಗಿತ್ತೆಂದರೆ, ಕಲಿಯಲು ಬಂದಿದ್ದ ಹೆಂಗಸೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯವರೆಗೆ ಓಡಿಸಿಕೊಂಡು ಬಂದಿದ್ದಳು ಎಂದು ಆಮೇಲೆ ನರ್ಸು ನಗುತ್ತ ಹೇಳಿದಳು. ನಿಮ್ಮ ವಯಸ್ಸಿನವರೇ, ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಕೇಳ್ಕೊಂಡು ಒಳಗೆ ಬಂದಿದ್ದರು. ಅವಳು ಆ ಹೆಂಗಸನ್ನು ಕಲ್ಪಿಸಿಕೊಂಡಳು. ಬಸ್ಸುಗಳ ನಡುವೆ ಹೆದರಿ ಹೆದರಿ, ಆದರೂ ಬಂದು ಮುಟ್ಟಿದವಳು. ಎದೆಯಲ್ಲಿ ಚಿಕ್ಕ ಹೊಟ್ಟೆಕಿಚ್ಚು ಕುಟುಕಿತು. ಸದ್ಯ, ಜೀವ ಇದೆ ಎಂದುಕೊಂಡಳು.

ಅವನು ಬಂದು ಕೂತ. ಬಹಳ ಹೊತ್ತು ಅವಳ ಮುಂಗೈಯ ಕಲೆಗಳನ್ನೇ ನೋಡಿದ. “ದಿನಾ ನಾನೇ ಕೊಡ್ತಿದ್ದೆನಲ್ಲ,” ಎಂದ ಕೊನೆಗೆ. “ನನ್ನ ಮುಂದೇನೇ ನುಂಗ್ತಿದ್ದೆಯಲ್ಲ.”

“ನುಂಗ್ತಿರಲಿಲ್ಲ. ಉಗುಳ್ತಿದ್ದೆ.”

“ಯಾಕೆ?”

“ಅವತ್ತು ಹೇಳಿದ್ದನ್ನ ಮಾತ್ರೆ ಇಲ್ಲದೆ ಹೇಳಬೇಕಿತ್ತು.” ಧ್ವನಿ ಸಣ್ಣದಾಗಿತ್ತು, ಭಾನುವಾರದ್ದಲ್ಲ, ಹಳೆಯದೂ ಅಲ್ಲ. “ನಿನ್ನೆ ಹೇಳೋಕೆ ಹೋದೆ. ಆಗಲಿಲ್ಲ. ಈಗ ಈ ನಳಿಕೆಯಲ್ಲಿ ಇಳೀತಿರೋದೂ ಅದೇ ಮದ್ದಲ್ವಾ? ಈಗ ಹೇಳಿದರೂ ನೀವು ಅದನ್ನೇ ಅಂತೀರಿ.”

ಪಕ್ಕದ ಹಾಸಿಗೆಯ ಮುದುಕಿ ನಿದ್ದೆಯಲ್ಲಿ ಯಾರನ್ನೋ ಕರೆದಳು. ಅವನು ಎದ್ದು, ಹನಿ ಬೀಳುವುದನ್ನು ನೋಡಿ, ಮತ್ತೆ ಕೂತ. ಮಾತು ಮುಗಿಯಿತೆಂದೇ ಅವಳು ಕಣ್ಣು ಮುಚ್ಚಿದ್ದಳು.

“ಕಾಲು ಬ್ರೇಕಿನ ಮೇಲೇ ಇತ್ತು,” ಎಂದ ಅವನು.

ಅವಳು ಕಣ್ಣು ಬಿಡಲಿಲ್ಲ. ಬಿಟ್ಟರೆ ಅವನು ನಿಲ್ಲಿಸಿಬಿಡಬಹುದು.

“ನೀನು ಚೆನ್ನಾಗಿ ಓಡಿಸ್ತಿದ್ದೆ. ಅಷ್ಟು ಬೇಗ ಕೈ ಕೂತಿದ್ದು ನಾನು ಯಾರಲ್ಲೂ ನೋಡಿರಲಿಲ್ಲ. ಇನ್ನು ನಾಲ್ಕು ದಿನ ಹೋದ್ರೆ ಇವಳಿಗೆ ನಾನು ಹೇಳಿಕೊಡೋದು ಏನೂ ಇರಲ್ಲ ಅಂತ ಅನ್ನಿಸ್ತು. ಒಂದು ಕ್ಷಣ ಅಷ್ಟೇ. ಗುದ್ದಲಿ ಅಂತ ಅಂದ್ಕೊಳ್ಳಲಿಲ್ಲ. ಒತ್ತಬೇಕು ಅಂತಾನೂ ಅನ್ನಿಸಲಿಲ್ಲ. ಆಮೇಲೆ ನಗೋದು ಸುಲಭ ಆಯ್ತು. ಒಂದು ಸಲ ಹೇಳಿದೆ, ಎಲ್ಲರೂ ನಕ್ಕರು, ನೀನೂ ನಕ್ಕೆ. ಹೇಳ್ತಾ ಹೇಳ್ತಾ ನನಗೇ ನಿಜ ಆಗಿಹೋಯ್ತು.”

ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಬೇಕಾದ ಜಾಗವೆಲ್ಲ ಖಾಲಿಯಿತ್ತು. ಇಷ್ಟು ವರ್ಷ ತಾನು ಕಾರು ಓಡಿಸಲಾರದವಳು ಎಂದು ನಂಬಿ ಬಸ್ಸಿಗೆ ಕಾದ ನಿಲ್ದಾಣಗಳು, ಮಳೆ, ಬಿಸಿಲು, ಅವನ ಕೈ ನೋಡಿ ಕೂತ ಸಂಜೆಗಳು, ಒಂದೊಂದೇ ಬಂದು ಮುಂದೆ ನಿಂತು ಹೋದವು. ರೋಗಿಯನ್ನು ಸಮಾಧಾನಪಡಿಸಲು ಸುಳ್ಳು ಹೇಳುತ್ತಿದ್ದಾನೆಯೇ ಎಂಬ ಅನುಮಾನವೂ ಸುಳಿಯಿತು. ಕಣ್ಣು ಬಿಟ್ಟು ಅವನ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪು, ಕ್ಷೌರ ಮಾಡದ ಗದ್ದ, ಹೆದರಿದ ಬಾಯಿ. ಇಷ್ಟು ಮುಖಗಳನ್ನು ಬೆರಳಿನಿಂದ ಓದಿದವಳು ಇದನ್ನು ದೂರದಿಂದಲೇ ನೋಡುತ್ತ ಬಂದಿದ್ದಳು. ಇವನಿಗೂ ತನಗಿದ್ದಷ್ಟೇ ಭಯವಿತ್ತು, ಅವನು ಅದನ್ನು ನಗುವಿನಲ್ಲಿ ಇಟ್ಟಿದ್ದ, ಅಷ್ಟೇ. ಕ್ಷಮಿಸಿದೆ ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಿರಲೂ ಇಲ್ಲ. “ನನಗೊಬ್ಬಳಿಗೆ ಹೇಳಿದರೆ ಆಗಲ್ಲ,” ಎಂದಳು.

ಅವನು ತಲೆ ತಗ್ಗಿಸಿದ.

ಸಂಜೆ ಭೇಟಿಯ ಹೊತ್ತಿಗೆ ಅಕ್ಕ ಬಂದಳು, ಕೈಚೀಲದ ತುಂಬ ಕಿತ್ತಳೆ ಹಣ್ಣು. ಬಂದವಳೇ ಕೂತು, ಕಣ್ಣೊರೆಸಿಕೊಂಡು, ಒಂದು ಹಣ್ಣಿನ ಸಿಪ್ಪೆ ಸುಲಿಯಲು ಶುರುಮಾಡಿದಳು. “ಯಮನ ಮನೆ ಬಾಗಿಲು ತಟ್ಟಿ ಬಂದಿದೀಯಲ್ಲೇ. ಮಾತ್ರೆ ಉಗುಳೋದು ಅಂದ್ರೇನು? ಚಿಕ್ಕ ಮಕ್ಕಳಾ?” ತಂಗಿಯ ಗಂಡನ ಕಡೆ ತಿರುಗಿ ಧ್ವನಿ ಇಳಿಸಿದಳು. “ನೀವು ಮನಸ್ಸಿಗೆ ಹಚ್ಕೋಬೇಡಿ. ಆ ಮಾತ್ರೆ ಇವಳ ತಲೆ ಕೆಡಿಸಿಬಿಟ್ಟಿದೆ. ಆವತ್ತು ಊಟಕ್ಕೆ ಕೂತಾಗ ನಾಲ್ಕು ಜನರ ಎದುರು ನಿಮಗೆ ಅಂದ ಮಾತೇ ಸಾಕಲ್ಲ.”

ಗಂಡ ಕಿಟಕಿಯ ಬಳಿ ನಿಂತಿದ್ದ. “ಇಲ್ಲ ಅತ್ತಿಗೆ,” ಎಂದ.

ಅಕ್ಕ ತಲೆಯೆತ್ತಿದಳು.

“ಆವತ್ತು ಅವಳು ಹೇಳಿದ್ದು...” ಅಷ್ಟಕ್ಕೇ ನಿಂತ. ಅವನ ಕಿವಿ ಕೆಂಪಾಗಿತ್ತು. ಅವನು ಅವಳ ಕಡೆ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು: ‘ಬಿಡಿ ಈಗ’ ಎಂದು ಅವಳು ಒಂದು ಮಾತು ಅಂದರೆ ಸಾಕು, ಎಲ್ಲರಿಗೂ ಬಿಡುಗಡೆ. ಮಾತು ನಾಲಗೆಯ ತುದಿಯವರೆಗೆ ಬಂದೂ ಬಂತು, ಇಪ್ಪತ್ತು ವರ್ಷದ ರೂಢಿ. ಅಕ್ಕನ ಬೆರಳಲ್ಲಿ ಕಿತ್ತಳೆಯ ಸಿಪ್ಪೆ ಅರ್ಧಕ್ಕೆ ಜೋತಾಡುತ್ತಿತ್ತು. ಅಕ್ಕ ಇವನನ್ನೊಮ್ಮೆ ಅವಳನ್ನೊಮ್ಮೆ ನೋಡಿದಳು.

ಅವಳು ಏನೂ ಹೇಳಲಿಲ್ಲ. ಕಾಲನ್ನು ಮಡಿಚಿಕೊಂಡು, ಅವನು ಕೂರಲೆಂದು ಹಾಸಿಗೆಯ ತುದಿಯಲ್ಲಿ ಜಾಗ ಮಾಡಿದಳು.

ಅವನು ಕೂರಲಿಲ್ಲ. ನಿಂತೇ ಹೇಳಿದ.